ಮಾಥೇರಾನದ ವನಪ್ರದಕ್ಷಿಣೆ: ಹೊರಡುವ ಮುನ್ನ ಮಾಡಬೇಕಾದ ಲೆಕ್ಕ

ಮಳೆಗಾಲವು ಹಿಂದೆ ಸರಿದು ನವರಾತ್ರಿಯ ಗದ್ದಲವೂ ಮುಗಿಯಿತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಿಗೆ ವಿಹಾರಕೂಟದ ನೆನಪಾಗುತ್ತದೆ. ಬಸ್ಸು ಗೊತ್ತುಪಡಿಸುವುದು, ತಲೆಗಿಷ್ಟೆಂದು ವಂತಿಗೆ ಎತ್ತುವುದು, ಯಾವುದಾದರೊಂದು ರಿಸಾರ್ಟಿಗೆ ಹೋಗಿ ಉಂಡು, ಸಂಗೀತ ಕುರ್ಚಿ ಆಡಿ, ಸಂಜೆಗೆ ಮರಳುವುದು. ಇದು ವರ್ಷಂಪ್ರತಿ ನಡೆದುಬಂದ ಕ್ರಮ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗುಡ್ಡೆ-ಹಾಡಿಗಳ ನಡುವೆ ಹುಟ್ಟಿ, ಹೊಟ್ಟೆಪಾಡಿಗಾಗಿ ಈ ನಗರವನ್ನು ಸೇರಿದ ನಾವು ನಮ್ಮ ಮಕ್ಕಳಿಗೆ ಒಂದು ಹಳೆಯ ಕಾಡನ್ನು ಕಾಲ್ನಡಿಗೆಯಿಂದ ತೋರಿಸದೆ ಹೋದರೆ, ಕಾಡೆಂಬುದು ಅವರ ಪಾಲಿಗೆ ಚಿತ್ರದಲ್ಲಿ ಕಾಣುವ ವಸ್ತುವಾಗಿಯೇ ಉಳಿದೀತು. ಈ ವರ್ಷ ಒಂದು ದಿನವನ್ನಾದರೂ ಇದಕ್ಕಾಗಿ ಎತ್ತಿಡಿರೆಂದು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕೂ, ಹೋಗುವವರು ಹೇಗೆ ಹೋಗಬೇಕೆಂದು ತಿಳಿಸುವುದಕ್ಕೂ ಈ ಲೇಖನ.

ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಅಲ್ಲಿನ ರೆಡ್‌ವುಡ್ ಮರಗಳಡಿಯಲ್ಲಿ ನಿಂತು ತೆಗೆಸಿದ ಚಿತ್ರಗಳನ್ನು ಊರಿಗೆ ಕಳುಹಿಸುವುದುಂಟು. 300 ಅಡಿಗೂ ಮಿಕ್ಕಿ ಬೆಳೆಯುವ ಮರಗಳವು. ಕೆಲವಕ್ಕೆ 2000 ವರ್ಷಗಳಿಗೂ ಹೆಚ್ಚಿನ ಆಯುಸ್ಸು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಮೀಪದ ಮ್ಯೂರ್ ವುಡ್ಸ್ ಎಂಬ ವನವನ್ನು ವಿಲಿಯಂ ಕೆಂಟ್ ಎಂಬವರು ಸರಕಾರಕ್ಕೆ ದಾನವಾಗಿ ಕೊಡಲು, 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಅಲ್ಲಿಗೆ ಹೋಗುವವರು 2018ರಿಂದೀಚೆಗೆ ತಮ್ಮ ವಾಹನದ ಸ್ಥಳವನ್ನು ಮುಂಗಡವಾಗಿಯೇ ಕಾದಿರಿಸಬೇಕು. ಒಂದೆಡೆಯಿಂದ ಹೊರಟು, ಕಾಡನ್ನು ಸುತ್ತಿ, ಹೊರಟಲ್ಲಿಗೇ ಬಂದು ಸೇರುವುದು ಅಲ್ಲಿನ ಕುಟುಂಬಗಳ ರೂಢಿ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ; ಪ್ರದಕ್ಷಿಣೆ ಎಂದರೆ ಸಾಕು. ಅಂಥದೊಂದು ಪ್ರದಕ್ಷಿಣೆಗೆ ತಕ್ಕ ಕಾಡು ದಾದರಿನಿಂದ ಎರಡು ಗಂಟೆಯ ರೈಲು ಪ್ರಯಾಣದಾಚೆಗೇ ಇದೆ. ಅದೇ ಮಾಥೇರಾನ.

ತಲೆಯ ಮೇಲಿನ ಕಾಡು

‘ಮಾಥಾ’ ಎಂದರೆ ತಲೆ, ‘ರಾನ’ ಎಂದರೆ ಕಾಡು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕಾಡಿರುವುದರಿಂದ ಈ ಹೆಸರು ಒಪ್ಪುತ್ತದೆ. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬ ಆಂಗ್ಲ ಅಧಿಕಾರಿಯು ಇದನ್ನು ‘ಕಂಡುಹಿಡಿದ’ನೆಂದು ಪುಸ್ತಕಗಳು ಹೇಳುತ್ತವೆ. ಠಾಕೂರ್, ಕಾತಕರಿ ಮುಂತಾದ ಗಿರಿಜನರು ಅದಕ್ಕೆ ಬಹುಕಾಲ ಮೊದಲೇ ಈ ದಾರಿಗಳನ್ನು ತುಳಿದಿದ್ದರೆಂಬುದನ್ನು ಮರೆಯಬಾರದು. ಆದಮ್‌ಜೀ ಪೀರ್‌ಭಾಯ್ ಮನೆತನದವರು ಕಟ್ಟಿಸಿದ ಎರಡಡಿ ಅಗಲದ ಹಳಿಯ ಪುಟ್ಟ ರೈಲು 1907ರಲ್ಲಿ ನೇರಳಿನಿಂದ ಗುಡ್ಡವನ್ನೇರಿತು.

ಈ ಕಾಡು ಉಳಿದುದಕ್ಕೆ ಮುಖ್ಯ ಕಾರಣವೊಂದಿದೆ. ಖಾಸಗಿ ಮೋಟಾರುಗಳಿಗೆ ಇಲ್ಲಿ ಪ್ರವೇಶವಿಲ್ಲ. ದಸ್ತೂರಿ ಎಂಬಲ್ಲಿ ಎಲ್ಲರೂ ಇಳಿಯಲೇಬೇಕು. 2003ರಲ್ಲಿ ಕೇಂದ್ರ ಸರಕಾರವು ಮಾಥೇರಾನ ಮತ್ತು ಸುತ್ತಣ ಸುಮಾರು 214 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರಸೂಕ್ಷ್ಮ ವಲಯವೆಂದು ಘೋಷಿಸಿತು. ಇಲ್ಲಿನ ಮರಗಳು ರೆಡ್‌ವುಡ್‌ನಂತೆ ಮುಗಿಲು ಮುಟ್ಟುವವಲ್ಲ. ಗಾಳಿಗೆ ಮೈಯೊಡ್ಡಿ ಕುಳ್ಳಾಗಿ, ಗಂಟುಗಂಟಾಗಿ ಬೆಳೆದ ನೇರಳೆ, ಅಳಲೆ, ಅಂಜನ, ಮಾವು ಇವೇ ಹೆಚ್ಚು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ನಡುಹಗಲಿನಲ್ಲೂ ದಾರಿಗೆ ನೆರಳು ಹಾಸಿರುತ್ತವೆ. ಮಹಾರಾಷ್ಟ್ರದ ರಾಜ್ಯಪ್ರಾಣಿಯೆನಿಸಿದ ಶೇಕರು, ಅಂದರೆ ನಮ್ಮ ಮಲೆನಾಡಿನ ಕೆಂಜಳಿಲು, ಅದೃಷ್ಟವಿದ್ದವರಿಗೆ ಕಾಣಸಿಗುತ್ತದೆ. ನೆಲವನ್ನು ನೋಡಿದರಂತೂ ದಕ್ಷಿಣ ಕನ್ನಡದವರಿಗೆ ಊರಿಗೆ ಬಂದಂತಾದೀತು. ಕೆಳಗೆ ಸಹ್ಯಾದ್ರಿಯ ಕರಿಯ ಕಲ್ಲು, ಮೇಲೆ ನಮ್ಮ ಮುರಕಲ್ಲಿನ ಹೊದಿಕೆ, ಅದರ ಮೇಲೆ ಅದೇ ಕೆಂಪು ಮಣ್ಣು.

ನಾನು ಕಲಿತ ಪಾಠ

ಮುಂದಿನ ಸಲಹೆಗಳನ್ನು ಕೊಡುವ ಅಧಿಕಾರ ನನಗೆ ಬಂದುದು ಜಾಣತನದಿಂದಲ್ಲ, ತಪ್ಪಿನಿಂದ. ಹದಿನೈದು ವರ್ಷಗಳ ಕೆಳಗೆ, ನಾನಿನ್ನೂ ಹೋಟೆಲು ನಡೆಸುತ್ತಿದ್ದ ಕಾಲ. ಅಡುಗೆಮನೆಯ ದುರಸ್ತಿಗೆಂದು ಮೇ ತಿಂಗಳಲ್ಲಿ ಒಂದು ದಿನ ಬಾಗಿಲು ಹಾಕಬೇಕಾಗಿ ಬಂದಾಗ, ಹುಡುಗರನ್ನು ಎಲ್ಲಿಗಾದರೂ ಕರೆದೊಯ್ಯೋಣವೆಂದು ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಿಶ್ಚಯಿಸಿದೆ. ಅವರು ಒಂಬತ್ತು ಮಂದಿ, ನಾನೊಬ್ಬ. ಮಾಥೇರಾನ ತಲುಪುವಾಗ ಮಧ್ಯಾಹ್ನ. ಹೊಟ್ಟೆತುಂಬ ಉಂಡು ಎರಡು ಗಂಟೆಗೆ ನಡೆಯಲಾರಂಭಿಸಿದೆವು. ಹತ್ತು ಮಂದಿಗೆ ನಾಲ್ಕು ಬಾಟಲಿ ನೀರು. ನಕ್ಷೆಯಿಲ್ಲ, ಕೇಳಿಕೊಂಡು ಹೋದರಾಯಿತೆಂಬ ಧೈರ್ಯ.

ದಕ್ಷಿಣದ ತುದಿಯಲ್ಲಿರುವ ವನ್ ಟ್ರೀ ಹಿಲ್ ದಾಟುವಾಗ ಐದು ಗಂಟೆ ಮೀರಿತ್ತು. ಪೇಟೆಗೆ ಅಡ್ಡದಾರಿಯೆಂದು ಬಗೆದು ಒಂದು ಕಾಲುದಾರಿಯನ್ನು ಹಿಡಿದೆವು. ಅದು ಪೇಟೆಗೆ ಹೋಗುವ ಬದಲು ಕಣಿವೆಗೆ ಇಳಿಯತೊಡಗಿತು. ಅಷ್ಟರಲ್ಲಿ ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಬರುತ್ತಿದ್ದ ಗಿರಿಜನ ಹೆಂಗಸೊಬ್ಬಳು ನಮ್ಮನ್ನು ತಡೆದು, “ತುಮ್ಹಿ ಕಿತಿ ಜಣ?” ಎಂದು ಕೇಳಿದಳು. ಹತ್ತು ಮಂದಿ ಎಂದೆ. ಆಕೆ ಬೆರಳು ತೋರಿಸಿ ಎಣಿಸಿ, ಒಂಬತ್ತು ಎಂದಳು.

ಇಲ್ಲದವನು ಕಾರ್ಕಳದ ಕಡೆಯ ಹುಡುಗ. ಹತ್ತೊಂಬತ್ತು ವಯಸ್ಸು, ಮುಂಬಯಿಗೆ ಬಂದು ಮೂರು ವಾರವಾಗಿತ್ತಷ್ಟೆ. ಬಸ್ಸು ಹತ್ತಿಸುವಾಗ ಅವನ ತಾಯಿ ಫೋನಿನಲ್ಲಿ, “ನಿಮ್ಮ ಕೈಗೆ ಒಪ್ಪಿಸಿದ್ದೇನೆ ಧಣಿಗಳೇ” ಎಂದಿದ್ದರು. ಆ ಮಾತು ಅಂದು ಕಿವಿಯಲ್ಲಿ ಮೊಳಗಿದಂತೆ ಮತ್ತೆಂದೂ ಮೊಳಗಿಲ್ಲ. ಆ ಹೆಂಗಸು ಹೊರೆಯನ್ನು ಕೆಳಗಿಳಿಸಿ ಮುಂದೆ ನಡೆದಳು. ನಾವು ಕೂಗುತ್ತ ಹಿಂಬಾಲಿಸಿದೆವು. ಸುಮಾರು ಒಂದು ಗಂಟೆಯ ಬಳಿಕ, ದಾರಿ ಕವಲೊಡೆಯುವಲ್ಲಿ ಮರದ ಬುಡದಲ್ಲಿ ಅವನು ಕುಳಿತಿದ್ದುದು ಕಂಡಿತು. ಚಪ್ಪಲಿಯ ಉಂಗುಷ್ಠ ಕಿತ್ತು ಅದನ್ನು ಸರಿಪಡಿಸಲು ನಿಂತವನು ಹಿಂದುಳಿದಿದ್ದ. “ಹಾಡಿಯಲ್ಲಿ ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಬೇಕು ಅಂತ ಅಮ್ಮ ಹೇಳಿದ್ದರು ಧಣೀ” ಎಂದ. ತುಟಿ ಒಣಗಿ ಬಿಳುಪೇರಿತ್ತು. ಅವನಿಗೆ ಮೊದಲು ನೀರು ಕೊಡಿ ಎಂದಳು ಆ ಹೆಂಗಸು. ನಮ್ಮಲ್ಲಿ ಯಾರಲ್ಲಿಯೂ ನೀರಿರಲಿಲ್ಲ.

ಪ್ರತಿ ರಾತ್ರಿ ಹಿಟ್ಟಿನ ಪಾತ್ರೆಯಲ್ಲಿ ಎಷ್ಟು ಇಡ್ಲಿಯ ಹಿಟ್ಟು ಉಳಿದಿದೆ, ಎಷ್ಟು ಲೋಟ ಒಡೆದಿದೆ ಎಂದು ಎಣಿಸುತ್ತಿದ್ದವನು ನಾನು. ಆ ದಿನ ನನ್ನ ಹುಡುಗರನ್ನು ಒಮ್ಮೆಯೂ ಎಣಿಸಿರಲಿಲ್ಲ.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡಕ್ಕೆ ಬಡಿಸಬೇಕಾದರೆ ಅಕ್ಕಿ ಎಷ್ಟು ಹೊತ್ತಿಗೆ ತೊಳೆಯಬೇಕೆಂದು ನಾವು ಹಿಂದಕ್ಕೆ ಎಣಿಸುತ್ತೇವೆ. ಕಾಡಿನ ಲೆಕ್ಕವೂ ಹಾಗೆಯೇ. ನವಂಬರ ತಿಂಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ. ಮರಗಳಡಿಯಲ್ಲಿ ಅದಕ್ಕೂ ಮೊದಲೇ ಕತ್ತಲು. ಆದುದರಿಂದ ಐದಕ್ಕೆ ದಸ್ತೂರಿಯಲ್ಲಿರಬೇಕು. ಹಾಗಿರಬೇಕಾದರೆ ನಾಲ್ಕಕ್ಕೆ ಪೇಟೆಗೆ ಮರಳಿರಬೇಕು. ಊಟ-ವಿಶ್ರಾಂತಿಗಳೂ ಸೇರಿ ಪ್ರದಕ್ಷಿಣೆಗೆ ಐದೂವರೆ ಗಂಟೆಯಾದರೂ ಇಡಬೇಕಾದುದರಿಂದ ಹತ್ತೂವರೆಗೆ ಪೇಟೆಯಿಂದ ಹೊರಡಬೇಕು. ಅದಕ್ಕಾಗಿ ಬೆಳಿಗ್ಗೆ ಆರರ ಸುಮಾರಿಗೆ ದಾದರಿನಲ್ಲಿ ರೈಲು ಹತ್ತಬೇಕು.

ಕರ್ಜತ್ ಅಥವಾ ಖೋಪೋಲಿ ಲೋಕಲನ್ನೇ ಹಿಡಿಯಿರಿ. ಬದಲಾಪುರದ ಗಾಡಿ ನೇರಳಿಗೆ ಮುಟ್ಟುವುದಿಲ್ಲ. ಅಂಧೇರಿ, ಬೊರಿವಲಿ ಕಡೆಯವರು ದಾದರಿನಲ್ಲಿ ಬದಲಿಸಬೇಕು. ಬೇಗ ಬಂದವರು ಪ್ಲಾಜಾ ಚಿತ್ರಮಂದಿರದ ಹತ್ತಿರದ ಕೋತವಾಲ್ ಉದ್ಯಾನದ ಹೆಸರನ್ನೊಮ್ಮೆ ನೆನೆಯಬಹುದು. ಆ ಹೆಸರಿನ ಹುತಾತ್ಮ ಭಾಯಿ ಕೋತವಾಲರು 1912ರಲ್ಲಿ ಮಾಥೇರಾನದಲ್ಲಿಯೇ ಹುಟ್ಟಿದವರು. ಭೂಗತ ಹೋರಾಟದಲ್ಲಿ ತೊಡಗಿ 1943ರ ಜನವರಿಯಲ್ಲಿ ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ನೇರಳಿನಿಂದ ದಸ್ತೂರಿಗೆ ಪಾಲುಗಾರಿಕೆಯ ಟ್ಯಾಕ್ಸಿಗಳಿವೆ. ದಸ್ತೂರಿಯಲ್ಲಿ ಪುರಸಭೆಯ ಪ್ರವೇಶ ಶುಲ್ಕ ಕೊಟ್ಟು ಪೇಟೆಗೆ ಎರಡೂವರೆ ಕಿಲೋಮೀಟರಿನಷ್ಟು ನಡಿಗೆ. ಹಿರಿಯರಿದ್ದರೆ ಸಮೀಪದ ಅಮನ್ ಲಾಜ್ ನಿಲ್ದಾಣದಿಂದ ಪುಟ್ಟ ರೈಲಿನಲ್ಲಿ ಹೋಗಿ ಕಾಲಿನ ಶಕ್ತಿಯನ್ನು ಕಾಡಿಗಾಗಿ ಉಳಿಸಿಕೊಳ್ಳಲಿ.

ದಾರಿ

ಪೇಟೆಯಿಂದ ಪೂರ್ವಕ್ಕೆ ಖಂಡಾಲಾ ಪಾಯಿಂಟು, ಅಲ್ಲಿಂದ ಅಲೆಕ್ಸಾಂಡರ್, ರಾಮಬಾಗ್, ಚೌಕ್ ಪಾಯಿಂಟುಗಳನ್ನು ನೋಡುತ್ತ ದಕ್ಷಿಣದ ವನ್ ಟ್ರೀ ಹಿಲ್, ಬಳಿಕ ಪಶ್ಚಿಮದ ಅಂಚು ಹಿಡಿದು ಬೆಲ್ವೆಡಿಯರ್ ಮಾರ್ಗವಾಗಿ ಷಾರ್ಲೆಟ್ ಕೆರೆ, ಶಕ್ತಿ-ಸಮಯ ಉಳಿದಿದ್ದರೆ ಎಕೊ ಪಾಯಿಂಟು, ಕೊನೆಗೆ ಪೇಟೆ. ಹೀಗೆ ಸುತ್ತಿದರೆ ಗುಡ್ಡದ ನಡುಭಾಗ ಸದಾ ನಿಮ್ಮ ಬಲಕ್ಕಿರುತ್ತದೆ, ದೇವಸ್ಥಾನದ ಪ್ರದಕ್ಷಿಣೆಯಂತೆಯೇ. ಈ ಒಂದು ಗುರುತು ಮನಸ್ಸಿನಲ್ಲಿದ್ದರೆ ದಾರಿ ತಪ್ಪುವುದು ಕಷ್ಟ. ದಾರಿ ಎಡಕ್ಕೆ ತಿರುಗಿ ಕೆಳಗಿಳಿಯತೊಡಗಿತೆಂದರೆ ನಿಲ್ಲಿರಿ. ವನ್ ಟ್ರೀ ಹಿಲ್ಲಿನ ಬಳಿಯಿಂದ ಕಣಿವೆಗೆ ಇಳಿಯುವ ಶಿವಾಜಿ ಲ್ಯಾಡರ್ ಎಂಬ ದಾರಿಯಂಥವು ಚಾರಣದಲ್ಲಿ ಪಳಗಿದವರಿಗೆ, ನಮ್ಮಂಥವರಿಗಲ್ಲ.

ಸುತ್ತುದಾರಿಗೆ ಒಂದು ಗುಣವಿದೆ. ಅದೇ ಅದರ ಅಪಾಯವೂ ಹೌದು. ಹೋಗಿ ಬಂದ ದಾರಿಯಲ್ಲೇ ಮರಳುವಾಗ ಸುಸ್ತಾದಲ್ಲಿಂದ ಹಿಂದಿರುಗಬಹುದು. ಪ್ರದಕ್ಷಿಣೆಯಲ್ಲಿ ಅರ್ಧ ದಾಟಿದ ಮೇಲೆ ಹಿಂದಕ್ಕೆ ಹೋದರೂ ಮುಂದಕ್ಕೆ ಹೋದರೂ ಅಷ್ಟೇ ದೂರ. ಆದುದರಿಂದ ರಾಮಬಾಗದಲ್ಲಿ ಒಮ್ಮೆ ಎಲ್ಲರೂ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಗಂಟೆ ಒಂದು ಮೀರಿದೆಯೇ? ನೀರು ಅರ್ಧಕ್ಕಿಂತ ಕಡಿಮೆಯಾಗಿದೆಯೇ? ಯಾರಿಗಾದರೂ ಕಾಲುನೋವಿದೆಯೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ಬಂದ ದಾರಿಯಲ್ಲೇ ಮರಳುವುದು ಮೇಲು. ಅದರಲ್ಲಿ ಅವಮಾನವಿಲ್ಲ.

ಬುತ್ತಿ, ನೀರು, ಎಣಿಕೆ

ಒಬ್ಬೊಬ್ಬರ ಬೆನ್ನಿಗೆ ಎರಡು ಲೀಟರು ನೀರು ಇರಲೇಬೇಕು. ಒಬ್ಬನು ಹೊತ್ತು ಹತ್ತು ಮಂದಿ ಕುಡಿಯುವ ಕ್ರಮ ಬೇಡ. ಬುತ್ತಿಗೆ ಚಪಾತಿ-ಒಣ ಪಲ್ಯ, ಅವಲಕ್ಕಿ, ಬೆಲ್ಲ, ನೆಲಗಡಲೆ ಉತ್ತಮ. ಇಡ್ಲಿ ಒಯ್ಯುವವರು ಚಟ್ನಿಪುಡಿ ಒಯ್ಯಲಿ. ಹಸಿ ತೆಂಗಿನಕಾಯಿಯ ಚಟ್ನಿ ಮಧ್ಯಾಹ್ನದೊಳಗೆ ಹಳಸುತ್ತದೆಂಬುದನ್ನು ಹೋಟೆಲಿನವನು ಹೇಳಿದರೆ ನಂಬಬಹುದು. ತಿಂಡಿ ಕೈಯಲ್ಲಿ ಹಿಡಿದು ನಡೆಯಬಾರದು, ಕೋತಿಗಳು ಕಸಿದುಕೊಳ್ಳುತ್ತವೆ. ಅವುಗಳಿಗೆ ನೀವಾಗಿ ತಿನ್ನಿಸುವುದೂ ತಪ್ಪು. ಹಿಡಿತವುಳ್ಳ ಬೂಟು, ಒಂದು ಟಾರ್ಚು, ಸ್ವಲ್ಪ ಉಪ್ಪು-ಸಕ್ಕರೆ, ಬಟ್ಟೆಯ ಪಟ್ಟಿ, ಕಾಗದದ ನಕ್ಷೆ ಇಷ್ಟು ಸಾಕು. ಮೊಬೈಲು ಎಲ್ಲೆಡೆಯೂ ಹಿಡಿಯುತ್ತದೆಂದು ನೆಚ್ಚಿ ಕೂರಬಾರದು.

ಎಲ್ಲರಿಗಿಂತ ಮೆಲ್ಲಗೆ ನಡೆಯುವವನನ್ನು ಮುಂದೆ ಬಿಡಿ, ಹೊಣೆಯುಳ್ಳವರೊಬ್ಬರು ಕೊನೆಯಲ್ಲಿರಲಿ. ಪ್ರತಿ ಪಾಯಿಂಟಿನಲ್ಲಿಯೂ ಎಣಿಸಿ. ಕವಲುದಾರಿ ಬಂದಲ್ಲೆಲ್ಲ ಕೊನೆಯವರು ಸೇರುವ ತನಕ ಯಾರೂ ಮುಂದೆ ಹೋಗಕೂಡದು. ದಾರಿ ತಪ್ಪಿದವನು ನಿಂತಲ್ಲೇ ನಿಲ್ಲಬೇಕೆಂದು ಹೊರಡುವಾಗಲೇ ಮಕ್ಕಳಿಗೆ ಹೇಳಿ. ಪಾಯಿಂಟುಗಳ ಅಂಚಿನಲ್ಲಿ ಚಿತ್ರ ತೆಗೆಯುವ ಹುಚ್ಚು ಬೇಡ. ಷಾರ್ಲೆಟ್ ಕೆರೆಯು ಆ ಊರಿನವರು ಕುಡಿಯುವ ನೀರು. ಅದರಲ್ಲಿ ಇಳಿದು ಜೀವ ಕಳೆದುಕೊಂಡವರೂ ಇದ್ದಾರೆ. ದಡದ ಪಿಸರನಾಥ ದೇವಸ್ಥಾನದಲ್ಲಿ ಕೈಮುಗಿದು, ನೆರಳಿನಲ್ಲಿ ಕುಳಿತು ಮುಂದೆ ನಡೆಯಿರಿ. ಒಯ್ದ ಪ್ಲಾಸ್ಟಿಕ್ಕೆಲ್ಲವೂ ನಿಮ್ಮ ಚೀಲದಲ್ಲಿಯೇ ದಾದರಿಗೆ ಮರಳಲಿ.

ಮಳೆಗಾಲದಲ್ಲಿ ಈ ಪ್ರದಕ್ಷಿಣೆ ಬೇಡ. ಮಂಜಿನಲ್ಲಿ ಅಂಚು ಕಾಣುವುದಿಲ್ಲ, ಕೆಂಪು ಮಣ್ಣು ಜಾರುತ್ತದೆ. 2005ರ ಜುಲೈ ಮಳೆಗೆ ಕೊಚ್ಚಿಹೋದ ರೈಲುಹಳಿ ಮತ್ತೆ ಸರಿಯಾದುದು 2007ರಲ್ಲಿ ಎಂದರೆ ಅಲ್ಲಿನ ಮಳೆಯ ಬಲವನ್ನು ಊಹಿಸಬಹುದು. ಬೇಸಿಗೆಯ ಮಧ್ಯಾಹ್ನವೂ ಬೇಡ. ಅಕ್ಟೋಬರ ಕೊನೆಯಿಂದ ಫೆಬ್ರವರಿಯ ತನಕ, ಸಾಧ್ಯವಾದರೆ ಶನಿವಾರ-ಆದಿತ್ಯವಾರಗಳನ್ನು ಬಿಟ್ಟು ಹೋಗುವುದು ಸೂಕ್ತ.

ಆ ಕಾರ್ಕಳದ ಹುಡುಗನು ಈಗ ಉಪನಗರದಲ್ಲಿ ಸ್ವಂತ ಹೋಟೆಲು ನಡೆಸುತ್ತಿದ್ದಾನೆ. ವರ್ಷಕ್ಕೊಮ್ಮೆ ಒಂದು ದಿನ ಬಾಗಿಲು ಹಾಕಿ ತನ್ನ ಕೆಲಸಗಾರರನ್ನು ಅದೇ ದಾರಿಯಲ್ಲಿ ಕರೆದೊಯ್ಯುತ್ತಾನೆ. ಸಂಜೆ ನೇರಳಿನಲ್ಲಿ ರೈಲು ಹತ್ತಿದ ಮೇಲೆ ನನಗೆ ಫೋನು ಬರುತ್ತದೆ. ಅವನು ಮೊದಲು ಹೇಳುವುದು ಕಾಡಿನ ಚೆಲುವನ್ನಲ್ಲ, ಎಷ್ಟು ಮಂದಿ ಹೋಗಿದ್ದರು, ಎಷ್ಟು ಮಂದಿ ಗಾಡಿಯಲ್ಲಿದ್ದಾರೆ ಎಂಬುದನ್ನು. ಕಳೆದ ವರ್ಷ ಹದಿನಾಲ್ಕು ಹೋಗಿ ಹದಿನಾಲ್ಕೂ ಮರಳಿದ್ದರು.