ನಿಮಗಿದು ಗೊತ್ತೆ? ಇಣುಕಿ ನೋಡಲೆಂದೇ ಕಟ್ಟಿದ ಸೇತುವೆ!

ಅಮೆರಿಕದ ಕೊಲರಾಡೊ ರಾಜ್ಯದ ರಾಯಲ್ ಗಾರ್ಜ್ ಕಮರಿಗೆ 1929ರಲ್ಲಿ ತೂಗುಸೇತುವೆ ಕಟ್ಟಿದ್ದು ಊರಿಂದೂರಿಗೆ ಹೋಗಲಿಕ್ಕಲ್ಲ, ಪ್ರವಾಸಿಗರು ನಿಂತು ಕೆಳಗೆ ಇಣುಕಲಿಕ್ಕೆ! ಅರ್ಕಾನ್ಸಾ ನದಿ ಹರಿಯುವುದು 955 ಅಡಿ ಕೆಳಗೆ. 2001ರವರೆಗೂ ಜಗತ್ತಿನ ಅತಿ ಎತ್ತರದ ಸೇತುವೆ ಇದೇ ಆಗಿತ್ತು. ನಡೆಯುವುದು ಮರದ ಹಲಗೆಗಳ ಮೇಲೆ.

ಇಷ್ಟಕ್ಕೇ ಎದೆ ಢವಗುಟ್ಟದವರಿಗೆ ಕಮರಿಯ ಮೇಲೆ ಜಿಪ್‌ಲೈನ್ ಇದೆ, ಅಂಚಿನಲ್ಲಿ ದೈತ್ಯ ಉಯ್ಯಾಲೆಯೂ ಇದೆ. ನಿಜವಾದ ಮಜಾ ಮಾತ್ರ ‘ವಿಯಾ ಫೆರಾಟಾ’ ಎಂಬ ಬಂಡೆ ಏರುವ ದಾರಿಯಲ್ಲಿ. ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲು, ಪಕ್ಕದಲ್ಲಿ ಉಕ್ಕಿನ ಹಗ್ಗ. ಸೊಂಟದ ಪಟ್ಟಿಗೆ ಎರಡು ಕೊಕ್ಕೆ. ಹಗ್ಗವನ್ನು ಬಂಡೆಗೆ ಬಿಗಿದ ಜಾಗ ಬಂದಾಗ ಒಂದನ್ನು ಬಿಚ್ಚಿ ಆಚೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಎರಡೂ ಒಟ್ಟಿಗೆ ಬಿಚ್ಚುವಂತಿಲ್ಲ!

2013ರ ಕಾಳ್ಗಿಚ್ಚಿಗೆ ಸೇತುವೆಯ ಸುತ್ತಲಿನ ಪ್ರವಾಸಿ ಪಾರ್ಕಿನ ಬಹುತೇಕ ಕಟ್ಟಡಗಳು ಬೂದಿಯಾದವು. ಸೇತುವೆ ಮಾತ್ರ ಕೆಲವು ಹಲಗೆ ಸುಟ್ಟುಕೊಂಡು ಉಳಿಯಿತು; ಮರುವರ್ಷ ಪಾರ್ಕ್ ಮತ್ತೆ ತೆರೆಯಿತು.

ಕಮರಿಯ ತಳದಲ್ಲಿ ರ‍್ಯಾಫ್ಟಿಂಗ್ ಉಂಟು. ಮೇ-ಜೂನ್‌ನಲ್ಲಿ ಹಿಮ ಕರಗಿ ನದಿ ಉಕ್ಕುತ್ತದೆ. ನೀರು ಮಿತಿ ಮೀರಿದರೆ ರ‍್ಯಾಫ್ಟಿಂಗ್‌ನವರೇ ಈ ಕಮರಿ ಬಿಟ್ಟು ಬೇರೆ ಕಡೆ ಕರೆದೊಯ್ಯುತ್ತಾರೆ.