ಗೋಲಗುಮ್ಮಟದಿಂದ ಗೋಕರ್ಣಕ್ಕೆ, ಕಾರಿಲ್ಲದೆ

ಪಂಜಾಬಿನ ಸಂಗರೂರಿನಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 52 ಅರ್ಧ ಭಾರತವನ್ನು ಹಾಯ್ದು, ಸೊಲ್ಲಾಪುರದ ಮೇಲಿಂದ ವಿಜಯಪುರಕ್ಕೆ ಬರುತ್ತದೆ. ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ಬೀಳಗಿ ತಾಲ್ಲೂಕಿಗೆ ಕಾಲಿಡುತ್ತದೆ, ಅನಗವಾಡಿಯಲ್ಲಿ ಘಟಪ್ರಭೆಯನ್ನು ದಾಟುತ್ತದೆ. ಮುಂದೆ ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ. ಅಲ್ಲಿಂದ ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಅಂದರೆ ಆದಿಲಶಾಹಿಗಳ ರಾಜಧಾನಿಯೂ ಪಡುವಣ ಕಡಲೂ ಒಂದೇ ದಾರಿಯ ಮೇಲಿವೆ, ಆ ದಾರಿ ನಮ್ಮ ಹೊಲದ ಬದುವಿಗೇ ಹೊಂದಿಕೊಂಡು ಹೋಗುತ್ತದೆ. ಆದರೂ ಜಮಖಂಡಿಯಲ್ಲಿ, ಮುಧೋಳದಲ್ಲಿ, ಬೀಳಗಿಯಲ್ಲಿ, ರಬಕವಿ-ಬನಹಟ್ಟಿಯಲ್ಲಿ ದಸರಾ ರಜೆಯ ಪ್ರವಾಸದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ’ ಎಂಬುದಲ್ಲ, ‘ಗಾಡಿ ಯಾರದು’ ಎಂಬುದು. ಸಂಬಂಧಿಕರ ಕಾರು ಸಿಕ್ಕರೆ ಪ್ರವಾಸ, ಇಲ್ಲದಿದ್ದರೆ ಮುಂದಿನ ವರ್ಷ. ಈ ಅಧ್ಯಾಯದ ವಾದ ಇಷ್ಟೇ: ಒಂದು ಹಳೆಯ ನಗರ, ಒಂದು ಕಡಲತೀರ ಎರಡನ್ನೂ ಕೂಡಿಸಿದ ಐದು ದಿನದ ಪ್ರವಾಸಕ್ಕೆ ನಮ್ಮ ಭಾಗದವರಿಗೆ ಕಾರು ಬೇಕಿಲ್ಲ. ಆದರೆ ಕಾರಿನ ಪ್ರವಾಸಕ್ಕೆ ಹಾಕುವ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಕೆಡುತ್ತದೆ.

ಕಾರಿನ ನಿಜವಾದ ಅನುಕೂಲ ವೇಗವಲ್ಲ. ಅದೇ ಹೆದ್ದಾರಿಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ತಲುಪುತ್ತದೆ. ಕಾರಿನ ಅನುಕೂಲವೆಂದರೆ ನಡುವೆ ಗಾಡಿ ಬದಲಿಸಬೇಕಿಲ್ಲ. ಬಸ್ಸು, ರೈಲಿನಲ್ಲಿ ಹೋಗುವವರನ್ನು ದಣಿಸುವುದು ನೂರಿನ್ನೂರು ಕಿಲೋಮೀಟರ್ ದೂರವಲ್ಲ. ಒಂದು ಗಾಡಿ ಇಳಿದು ಇನ್ನೊಂದನ್ನು ಹಿಡಿಯುವ ನಡುವಿನ ಆ ಒಂದು ತಾಸು: ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು, ಮುಂದೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಆತಂಕ. ಆದ್ದರಿಂದ ಕಾರಿಲ್ಲದ ಪ್ರವಾಸದಲ್ಲಿ ಯೋಜಿಸಬೇಕಾದ್ದು ನೋಡುವ ಜಾಗಗಳನ್ನಲ್ಲ, ಈ ಕೊಂಡಿಗಳನ್ನು. ಕೊಂಡಿ ಎಷ್ಟು ಕಡಿಮೆಯೋ ಪ್ರವಾಸ ಅಷ್ಟು ಸಸಾರ. ಈ ಅಳತೆಗೋಲು ಹಿಡಿದರೆ ಜಮಖಂಡಿಯವರಿಗೆ ಒಂದು ತ್ರಿಕೋನ ಎದ್ದು ಕಾಣುತ್ತದೆ. ಚಿಕ್ಕಪಡಸಲಗಿಯ ಬಳಿ ಕೃಷ್ಣೆ ದಾಟಿ ಸುಮಾರು 60 ಕಿ.ಮೀ. ದೂರದ ವಿಜಯಪುರ. ಅಲ್ಲಿಂದ ಸುಮಾರು 200 ಕಿ.ಮೀ. ದಕ್ಷಿಣಕ್ಕೆ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಘಟ್ಟ ಇಳಿದು ಗೋಕರ್ಣ. ಬರುವಾಗ ಹುಬ್ಬಳ್ಳಿಯಿಂದ ಧಾರವಾಡ, ಯರಗಟ್ಟಿ, ಮುಧೋಳದ ಮೇಲೆ ನೇರ ಮನೆಗೆ. ಹುಬ್ಬಳ್ಳಿಯಿಂದ ಆಚೆಗಿನ ತುಂಡು ಬಿಟ್ಟರೆ ಹೋದ ದಾರಿಯಲ್ಲೇ ಹಿಂತಿರುಗುವ ಬೇಸರವಿಲ್ಲ. ಇದಕ್ಕೆ ಹೋಲಿಸಿದರೆ ಕುಡಚಿಯಲ್ಲಿ ರೈಲು ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಮಡಗಾಂವಿಗೆ ಹೋಗಿ, ಅಲ್ಲಿ ಕೊಂಕಣ ರೈಲು ಹಿಡಿಯುವ ದಾರಿ ಕಣ್ಣಿಗೆ ಹಬ್ಬವೇ ಸರಿ. ದೂಧಸಾಗರದ ಜಲಪಾತ ಕಿಟಕಿಗೇ ಬರುತ್ತದೆ. ಆದರೆ ಕೊಂಡಿಗಳು ಹೆಚ್ಚು, ಹಳೆಯ ನಗರವೂ ದಾರಿಯಲ್ಲಿ ಸಿಗದು.

ಯಾವಾಗ ಹೋಗಬೇಕು? ಪಂಚಾಂಗದ ಶರದೃತುವೇ ಸರಿಯಾದ ಹೊತ್ತು. ವಿಜಯದಶಮಿಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಸುಮಾರು 20 ದಿನ, ಮಧ್ಯದಲ್ಲಿ ಶೀಗಿ ಹುಣ್ಣಿಮೆ. ಹಿಂಗಾರಿ ಜೋಳ, ಕಡಲೆಯ ಬಿತ್ತನೆ ಬಹುಪಾಲು ಮುಗಿದಿರುತ್ತದೆ, ಕಬ್ಬಿನ ಕಡಿತ ಇನ್ನೂ ಶುರುವಾಗಿರುವುದಿಲ್ಲ. ಸಕ್ಕರೆ ಕಾರ್ಖಾನೆಗಳು ಅರೆಯಲು ತೊಡಗಿದವೆಂದರೆ ಕಬ್ಬಿನ ಊರುಗಳಲ್ಲಿ ಕೈ ಬಿಡುವಾಗಲಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ನಡುವೆ ಖಾಲಿ ರಸ್ತೆಯಾಗಲಿ ಸಿಗುವುದು ಯುಗಾದಿ ಹತ್ತಿರ ಬಂದಾಗಲೇ. ಇನ್ನು ಕಡಲಿನ ಕಡೆ ನೋಡಿದರೆ ಮಳೆಗಾಲದ ಘಟ್ಟವನ್ನು ನಂಬಿ ಹೊರಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿಯಿತು. ಮರು ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. 2021ರ ಜುಲೈಯಲ್ಲಿ ಅರಬೈಲು ಘಟ್ಟದಲ್ಲೇ ಮಣ್ಣು ಜರಿದಿತ್ತು. ಕೊಂಕಣ ರೈಲ್ವೆಯೂ ಜೂನಿನಿಂದ ಅಕ್ಟೋಬರಿನ ಎರಡನೇ ಅರ್ಧದವರೆಗೆ ರೈಲುಗಳ ವೇಗ ಇಳಿಸಿ ಮಳೆಗಾಲದ ವೇಳಾಪಟ್ಟಿಯನ್ನೇ ಪಾಲಿಸುತ್ತದೆ. ಹಾಗಾದರೆ ಡಿಸೆಂಬರ್ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಹವೆ ಒಳ್ಳೆಯದು ನಿಜ. ಆದರೆ ಆಗ ರಾಜ್ಯದ ಶಾಲಾ ಪ್ರವಾಸಗಳೆಲ್ಲ ಗೋಕರ್ಣ, ಮುರುಡೇಶ್ವರದಲ್ಲೇ ಇಳಿದಿರುತ್ತವೆ. ಅಕ್ಟೋಬರಿನಲ್ಲಿ ಒಂದೆರಡು ಸಂಜೆ ಮಳೆ ಬಂದೀತು. ಕೊಡೆಯೊಂದಿದ್ದರೆ ಆಯಿತು.

ನಗರ ಮೊದಲು, ಕಡಲು ಆಮೇಲೆ. ಕಾರಣ ಸರಳ: ನಗರಕ್ಕೆ ಕಾಲಿನ ಕಸುವು ಬೇಕು, ಕಡಲಿಗೆ ಬೇಡ. ವಿಜಯಪುರ ಕಾರಿಲ್ಲದವರಿಗೆಂದೇ ಕಟ್ಟಿದ ಊರಿನಂತಿದೆ. ಊರಿನ ಪಶ್ಚಿಮಕ್ಕೆ ಗೋಡೆಯ ಆಚೆ ಇಬ್ರಾಹಿಂ ರೋಜಾ, ಈಚೆ ತಾಜ್ ಬಾವಡಿ, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು. ನಡುವೆ ಒಳಕೋಟೆ, ಗಗನ ಮಹಲು, ಬಾರಾಕಮಾನು. ಪೂರ್ವಕ್ಕೆ ಜುಮ್ಮಾ ಮಸೀದಿ, ಕೊನೆಗೆ ಗೋಲಗುಮ್ಮಟ, ಅದರ ಹತ್ತಿರವೇ ರೈಲು ನಿಲ್ದಾಣ. ಹೆಚ್ಚುಕಡಿಮೆ ಒಂದೇ ಗೆರೆ. ಕಾರಿನವರು ಈ ಗೆರೆಯನ್ನು ನಡೆಯಲಾರರು, ಏಕೆಂದರೆ ಪ್ರತಿ ಸಲವೂ ಕಾರು ನಿಲ್ಲಿಸಿದ ಕಡೆಗೇ ಮರಳಬೇಕು. ಬಸ್ಸಿನಿಂದ ಇಳಿದವರು ಮೊದಲು ಆಟೋದಲ್ಲಿ ಇಬ್ರಾಹಿಂ ರೋಜಾಕ್ಕೆ ಹೋಗಿ, ಅಲ್ಲಿಂದ ತಂಪೊತ್ತಿನಲ್ಲಿ ಎರಡು ಕಂತಿನಲ್ಲಿ ಪೂರ್ವಕ್ಕೆ ನಡೆದು, ಮರುದಿನ ರೈಲು ಹತ್ತುವ ಜಾಗಕ್ಕೇ ಬಂದು ಮುಟ್ಟುತ್ತಾರೆ. ಮಲಿಕ್-ಎ-ಮೈದಾನ್ ತೋಪಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ತೆರೆದ ಸಿಂಹದ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿರುವಂತೆ ಅದರ ಮೂತಿಯನ್ನು ಕೆತ್ತಿದ್ದಾರೆ. ಸುಡುವ ಬಿಸಿಲಿನಲ್ಲೂ ಆ ಮಿಶ್ರಲೋಹವನ್ನು ಮುಟ್ಟಿದರೆ ತಣ್ಣಗಿರುತ್ತದೆ ಎನ್ನುವುದು ಊರವರ ಮಾತು. ಗೋಲಗುಮ್ಮಟವನ್ನು ಮಾತ್ರ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ನೋಡಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿಯ ಮೇಲೆ ಹೊರಗಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಅದರ ಒಳ ಅಟ್ಟದಲ್ಲಿ ಪಿಸುಮಾತು ಎದುರು ಬದಿಗೆ ಕೇಳುವುದು ಜನ ಕಡಿಮೆ ಇದ್ದಾಗ ಮಾತ್ರ. ಹತ್ತು ಗಂಟೆಯ ಮೇಲೆ ಹೋದವರಿಗೆ ಬರೀ ಕಿರುಚಾಟ ಸಿಗುತ್ತದೆ. ಬೆಳಗ್ಗೆ ಆರಕ್ಕೆ ಅಲ್ಲಿರಬೇಕೆಂದರೆ ಹಿಂದಿನ ರಾತ್ರಿ ಊರಿನಲ್ಲೇ ಉಳಿದಿರಬೇಕು. ‘ಕಾರಿದೆಯಲ್ಲ, ಹೋಗಿ ಬಂದುಬಿಡೋಣ’ ಎನ್ನುವವರು ಕಳೆದುಕೊಳ್ಳುವುದು ಇದನ್ನೇ.

ಇದೇ ನಗರ, ಇದೇ ಕಡಲು ಏಕೆ? ಇವೆರಡೂ ಒಮ್ಮೆ ಒಂದೇ ರಾಜ್ಯದವು. ಗೋವೆ ಆದಿಲಶಾಹಿಗಳ ಬಂದರಾಗಿತ್ತು. ದಖ್ಖನ್ನಿನ ಸೈನ್ಯಗಳಿಗೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಅದೂ ಒಂದು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ. ಇಂಗ್ಲಿಷರ ಕಾಲದಲ್ಲಿ ಸರಕು ಬದಲಾಯಿತು, ದಾರಿ ಬದಲಾಗಲಿಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಆಸೆಯಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರಕ್ಕೆ ರೈಲು ಬರುತ್ತದೆ ಎಂಬ ಮಾತೂ ಆಗಲೇ ಹುಟ್ಟಿತು. ಆದರೆ 1880ರ ದಶಕದ ಕೊನೆಗೆ ರೈಲು ಹೋದದ್ದು ಗೋವೆಯ ಮಾರ್ಮಗೋವಾ ಬಂದರಿಗೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇಂದಿಗೂ ಕಾಡಿನ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಹತ್ತಿಯ ವ್ಯಾಪಾರಿಗಳಿಗೆ ಸಿಗದ ಹಳಿ ನಮಗೂ ಸಿಕ್ಕಿಲ್ಲ. ಆದ್ದರಿಂದ ಘಟ್ಟ ಇಳಿಯುವ ತುಂಡನ್ನು ಬಸ್ಸಿನಲ್ಲೇ ಕಳೆಯಬೇಕು, ಅದನ್ನು ಹಗಲಿನಲ್ಲೇ ಕಳೆಯಬೇಕು. ಮಳೆ ನಿಂತ ಮೇಲಿನ ಯಲ್ಲಾಪುರದ ಕಾಡನ್ನು ಕತ್ತಲಲ್ಲಿ ದಾಟುವುದು ಟಿಕೆಟ್ ಕೊಟ್ಟು ಕಣ್ಣು ಮುಚ್ಚಿಕೊಂಡು ಕೂತಂತೆ.

ಇಲ್ಲಿಗೆ ಬಂತು ಇಡೀ ಪ್ರವಾಸದ ಗಟ್ಟಿ ಕೊಂಡಿ, ಹುಬ್ಬಳ್ಳಿ. ವಿಜಯಪುರದಿಂದ ಬಾಗಲಕೋಟೆ, ಬಾದಾಮಿ, ಗದಗಿನ ಮೇಲೆ ಹುಬ್ಬಳ್ಳಿಗೆ ರೈಲಿದೆ. 1884ರಲ್ಲಿ ಗದಗ–ಹೊಟಗಿ ನಡುವೆ ಹಾಕಿದ ಹಳೆಯ ದಾರಿ ಅದು. ಗೋಲಗುಮ್ಮಟ ಎಕ್ಸ್‌ಪ್ರೆಸ್ ಓಡುವುದು ಅದರ ಮೇಲೆಯೇ. ಹೆದ್ದಾರಿಯ ಬಸ್ಸಿಗಿಂತ ರೈಲು ಸುತ್ತು ಹೌದು, ಆದರೆ ರೈಲಿನಲ್ಲಿ ಶೌಚಾಲಯ ಇದೆ. ನಮ್ಮ ಮನೆಗಳ ಹೆಂಗಸರು ದೂರದ ಬಸ್ಸು ಬೇಡವೆನ್ನಲು ಎಷ್ಟೋ ಸಲ ಇದೇ ಕಾರಣ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ರೈಲಿನಿಂದ ಇಳಿದರೆ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಉದ್ದವಂತೆ. ಹೆಮ್ಮೆಯ ವಿಷಯವೇ, ಆದರೆ ತಲೆಯ ಮೇಲೆ ಗಂಟು ಹೊತ್ತವರಿಗೆ ಅದು ದೂರವೂ ಹೌದು. ಮೇಲಾಗಿ ರೈಲು ನಿಲ್ದಾಣ, ಹಳೇ ಬಸ್ ನಿಲ್ದಾಣ, ಗೋಕುಲ ರಸ್ತೆಯ ನಿಲ್ದಾಣ ಮೂರೂ ಬೇರೆ ಬೇರೆ ಕಡೆ. ಗೋಕರ್ಣದ ಬಸ್ಸು ಯಾವ ನಿಲ್ದಾಣದಿಂದ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಈ ಕೊಂಡಿಯನ್ನು ಒಂದು ತಾಸಿನಲ್ಲಿ ಮುಗಿಸಲು ಹೊರಟವರ ಪ್ರವಾಸವೇ ಕೆಡುವುದು. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಉಳಿದರೆ ರೈಲು ಎರಡು ತಾಸು ತಡವಾದರೂ ಏನೂ ಕೆಡುವುದಿಲ್ಲ, ಬೆಳಗ್ಗೆ ಮೊದಲ ಬಸ್ಸಿಗೆ ಘಟ್ಟವೂ ಹಗಲಿನಲ್ಲೇ ಸಿಗುತ್ತದೆ. ಆ ರಾತ್ರಿಯ ಲಾಡ್ಜಿನ ಖರ್ಚು ದಂಡವಲ್ಲ, ವಿಮೆ.

ಗೋಕರ್ಣ ಮುಟ್ಟಿದ ಮೇಲೆ ಕಾರಿನ ವಾದ ಇನ್ನಷ್ಟು ಸಡಿಲವಾಗುತ್ತದೆ. ಮಹಾಬಲೇಶ್ವರನ ಗುಡಿಯ ಸುತ್ತಲಿನ ಓಣಿಗಳಲ್ಲಿ ಕಾರು ತಿರುಗಿಸುವುದೇ ಕಷ್ಟ. ಊರ ತೀರದಿಂದ ಕೆಂಪು ಮುರಕಲ್ಲಿನ ಗುಡ್ಡ ಹತ್ತಿಳಿದರೆ ಕುಡ್ಲೆ, ಇನ್ನೊಂದು ಗುಡ್ಡದಾಚೆ ಓಂ ತೀರ. ಅದರಾಚೆಯ ಹಾಫ್‌ಮೂನ್, ಪ್ಯಾರಡೈಸ್ ತೀರಗಳಿಗೆ ಕಾಲುದಾರಿ ಇಲ್ಲವೇ ದೋಣಿ, ಕಾರು ಹೋಗುವ ರಸ್ತೆಯೇ ಇಲ್ಲ. ಇಲ್ಲಿ ಎರಡು ರಾತ್ರಿ ಉಳಿಯಬೇಕೆಂದು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಬಾವಿಯಲ್ಲಿ, ಘಟಪ್ರಭೆಯ ಕಾಲುವೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲೂ ಅಂಥದೇ ನೀರು ಎನಿಸುತ್ತದೆ. ಅಲ್ಲ. ದಡಕ್ಕೆ ಬಂದ ತೆರೆಯ ನೀರು ಒಂದು ಕಿರಿದಾದ ಜಾಡಿನಲ್ಲಿ ರಭಸದಿಂದ ಹಿಂದಕ್ಕೆ ಸರಿಯುತ್ತದೆ. ಮೇಲೆ ಅಲ್ಲಿ ತೆರೆ ಕಡಿಮೆ ಇದ್ದು ಶಾಂತವಾಗಿಯೇ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿದರೆ ಸೋಲುತ್ತಾರೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಸಂಜೆ ಮುಟ್ಟಿ, ಕತ್ತಲಾಗುವ ಮೊದಲು ನೀರಿಗಿಳಿದು, ರಾತ್ರಿಯೇ ಹೊರಡುವ ಅವಸರ ಅಪಾಯವನ್ನು ಕರೆದಂತೆ. ಮರುದಿನ ಬೆಳಗ್ಗೆಯೂ ಕಡಲು ಅಲ್ಲೇ ಇರುತ್ತದೆ ಎಂದು ಗೊತ್ತಿದ್ದವರು ಜೀವರಕ್ಷಕರು ಬರುವವರೆಗೆ ಕಾಯುತ್ತಾರೆ.

ಖರ್ಚಿನ ಆಕ್ಷೇಪವೊಂದು ಉಳಿಯಿತು: ನಾಲ್ಕೈದು ಜನ ಇದ್ದರೆ ಕಾರೇ ಅಗ್ಗವಲ್ಲವೇ? ಮೊದಲು ಇತ್ತೇನೋ. ಈ ಸುತ್ತು ಒಟ್ಟು 750 ಕಿ.ಮೀ. ಹತ್ತಿರ. ಲೀಟರಿಗೆ 15 ಕಿ.ಮೀ. ಹಿಡಿದರೂ 50 ಲೀಟರ್ ಎಣ್ಣೆ, ಬಾಡಿಗೆಯ ಗಾಡಿಯಾದರೆ ಚಾಲಕನ ಭತ್ಯೆ ಬೇರೆ. ಅತ್ತ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಅವ್ವ, ಅಜ್ಜಿ, ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಬಸ್ಸಿನ ಖರ್ಚೆಂದರೆ ಗಂಡಸರದ್ದು ಮಾತ್ರ. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸದು, ಗೋವೆಯ ಬಸ್ಸಿಗೂ ಇಲ್ಲ. ಗೋಕರ್ಣದ ಪರವಾಗಿ ಇದೂ ಒಂದು ಮಾತು. ವಯಸ್ಸಾದವರ ಆಕ್ಷೇಪ ಮಾತ್ರ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾಗದು. ಮೊಣಕಾಲು ಹಿಡಿದವರಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ, ಗೋಲಗುಮ್ಮಟದ ಕಡಿದಾದ ಮೆಟ್ಟಿಲಂತೂ ಆಗದ ಮಾತು. ಅಂಥವರು ಜೊತೆಗಿದ್ದರೆ ವಿಜಯಪುರದಲ್ಲಿ ಆಟೋವನ್ನೇ ಅರ್ಧ ದಿನಕ್ಕೆ ಗೊತ್ತುಮಾಡಬೇಕು, ಓಂ ತೀರಕ್ಕೂ ಆಟೋದಲ್ಲೇ ಹೋಗಬೇಕು. ಕಾರಿಲ್ಲದ ಪ್ರವಾಸವೆಂದರೆ ಎಲ್ಲ ಕಡೆ ನಡೆದೇ ಹೋಗಬೇಕೆಂಬ ಹಟವಲ್ಲ.

ಇದೇ ತ್ರಿಕೋನ ನಾಲ್ಕೂ ಊರಿಗೆ ಒಪ್ಪುವುದಿಲ್ಲ. ಬೀಳಗಿಯವರು ವಿಜಯಪುರಕ್ಕೆ ಹೋದರೆ ಹುಬ್ಬಳ್ಳಿಗೆ ಬರುವಾಗ ಹೆದ್ದಾರಿಯ ಬಸ್ಸು ಅವರ ತಾಲ್ಲೂಕಿನೊಳಗೇ ಹಾದು ಬರುತ್ತದೆ. ಅದು ವ್ಯರ್ಥ ಸುತ್ತು. ಅವರಿಗೂ ಮುಧೋಳದವರಿಗೂ ಬಾಗಲಕೋಟೆಯ ಮೇಲೆ ಬಾದಾಮಿಯೇ ಸರಿಯಾದ ನಗರ. 543ರಲ್ಲಿ ಪುಲಕೇಶಿ ಕೋಟೆ ಕಟ್ಟಿದ ಬಂಡೆ, 578ರ ಶಾಸನವಿರುವ ಮೂರನೇ ಗುಹೆ, ಅಗಸ್ತ್ಯ ತೀರ್ಥ ಎಲ್ಲ ಒಂದೇ ಕಣ್ಣಳತೆಯಲ್ಲಿವೆ. ಹುಬ್ಬಳ್ಳಿಯ ರೈಲೂ ಅಲ್ಲೇ ನಿಲ್ಲುತ್ತದೆ, ನಿಲ್ದಾಣ ಮಾತ್ರ ಊರಿಂದ ಐದು ಕಿ.ಮೀ. ದೂರ. ರಬಕವಿ-ಬನಹಟ್ಟಿಯವರು ಜಮಖಂಡಿಗೆ ಬಂದು ಇದೇ ತ್ರಿಕೋನ ಹಿಡಿಯಬಹುದು, ಮೊದಲ ದಿನ ಒಂದು ಬಸ್ಸು ಹೆಚ್ಚು ಅಷ್ಟೆ. 2010ರ ಸುಮಾರಿಗೆ ಮಂಜೂರಾದ ಬಾಗಲಕೋಟೆ–ಕುಡಚಿ ರೈಲು ಮಾರ್ಗ ಪೂರ್ತಿಯಾದ ದಿನ ಈ ಪುಟಗಳನ್ನು ತಿದ್ದಿ ಬರೆಯಬೇಕಾದೀತು. ಅಲ್ಲಿಯವರೆಗೆ ಒಂದು ತಾರೀಖು ನೆನಪಿಟ್ಟುಕೊಳ್ಳಿ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೆಟ್ 120 ದಿನದ ಬದಲು 60 ದಿನ ಮೊದಲು ತೆರೆಯುತ್ತದೆ. ಎರಡು ಹುಣ್ಣಿಮೆ ಹಿಂದಕ್ಕೆ ಎಣಿಸಿದರೆ ಅಷ್ಟೇ ದಿನ: ಶೀಗಿ ಹುಣ್ಣಿಮೆಗೆ ಹೊರಡುವವರು ನೂಲು ಹುಣ್ಣಿಮೆಯ ಹಿಂದುಮುಂದಿನ ಬೆಳಗ್ಗೆ ಎಂಟಕ್ಕೆ ಟಿಕೆಟ್ ತೆಗೆಸಬೇಕು.