ಒತ್ತು ಬಿದ್ದದ್ದು ಯಾರ ಕಿವಿಗೆ?

ಯಾದಗಿರಿಯಲ್ಲಿ ರೈಲಿಳಿದು ಶಹಾಪುರದ ಮೇಲೆ ಸುರಪುರಕ್ಕೆ ಬಸ್ಸಿನಲ್ಲಿ ಸಾಗುವಾಗಲೆಲ್ಲ ಒಂದು ಪ್ರಸಂಗ ನೆನಪಾಗುತ್ತದೆ. ಈ ಭಾಗದ ಕಚೇರಿಯೊಂದರಲ್ಲಿ ವೃದ್ಧ ರೈತರೊಬ್ಬರ ಕಾಗದದಲ್ಲಿ ನಾಲ್ಕು ಎಕರೆ ಎಂದು ತಪ್ಪಾಗಿ ನಮೂದಾಗಿತ್ತು. ‘ನಂದು ಎರಡಽ ಎಕರೆ ಅದರಿ’ ಎಂದರು ಅವರು. ದಕ್ಷಿಣದಿಂದ ಬಂದಿದ್ದ ಗುಮಾಸ್ತರು, ‘ಸರಿ, ಉಳಿದೆರಡರ ದಾಖಲೆ ತನ್ನಿ’ ಎಂದುಬಿಟ್ಟರು. ‘ಎರಡೇ’ ಎಂಬ ಒತ್ತು ಅಲ್ಲಿನ ನುಡಿಯಲ್ಲಿ ಕೊನೆಯ ಸ್ವರದ ಎಳೆತವಾಗಿ ಬರುತ್ತದೆ. ‘ಏ’ಕಾರಕ್ಕೆ ಒಗ್ಗಿದ ಕಿವಿಗೆ ಆಕ್ಷೇಪಣೆ ಬರಿಯ ಮಾಹಿತಿಯಾಯಿತು.

ಕೇಳುಗರು ಒತ್ತನ್ನು ಗ್ರಹಿಸುವ ಬಗೆಯನ್ನು ಅಳೆಯಲು ಸರಳ ವಿಧಾನವಿದೆ. ಅಮೆರಿಕದ ಭಾಷಾವಿಜ್ಞಾನಿ ಜೆನಿಫರ್ ಕೋಲ್ ಮತ್ತು ಸಂಗಡಿಗರು ಅದನ್ನು ರೂಢಿಗೆ ತಂದರು. ಧ್ವನಿಮುದ್ರಿತ ಮಾತನ್ನು ತರಬೇತಿಯಿಲ್ಲದ ಸಾಮಾನ್ಯರಿಗೆ ಕೇಳಿಸಿ, ಎದ್ದು ಕೇಳಿದ ಪದಗಳಿಗೆ ಗೆರೆ ಎಳೆಯಿಸುತ್ತಾರೆ. 20 ಮಂದಿಯಲ್ಲಿ 15 ಮಂದಿ ಗೆರೆ ಎಳೆದರೆ ಆ ಪದದ ಅಂಕ 0.75. ಯಂತ್ರ ಸ್ವರದ ಏರಿಳಿತ, ದೀರ್ಘತೆಗಳನ್ನು ಅಳೆಯಬಲ್ಲದು. ಯಾವುದು ಮುಖ್ಯವೆನಿಸಿತು ಎಂಬುದನ್ನು ಕೇಳುಗನೇ ಹೇಳಬೇಕು.

ಆದರೆ ಗೆರೆ ಎಳೆಯುವವರು ಯಾರು? ಮೈಸೂರು, ಬೆಂಗಳೂರಿನ ವಿದ್ಯಾರ್ಥಿಗಳಷ್ಟೇ ಆದರೆ ದೊರೆಯುವುದು ಕನ್ನಡದ ಅಳತೆಯಲ್ಲ, ಒಂದು ಸೀಮೆಯ ಅಳತೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಉರ್ದು ಹಾಗೂ ತೆಲುಗಿನೊಡನೆ ಬಾಳಿದ ಈ ನೆಲದ ಕಿವಿಗಳೂ ಲೆಕ್ಕಕ್ಕೆ ಬರಬೇಕು.

ಮಾತನ್ನು ಅಕ್ಷರವಾಗಿಸುವ ತಂತ್ರಾಂಶಗಳು ಇಂದು ಕನ್ನಡವನ್ನೂ ಕಲಿಯುತ್ತಿವೆ. ಆ ಎಳೆತವನ್ನು ಅವಕ್ಕೆ ಕಲಿಸದಿದ್ದರೆ, ಆ ವೃದ್ಧರಿಂದ ಇಲ್ಲದ ಎರಡು ಎಕರೆಯ ದಾಖಲೆಯನ್ನು ನಾಳೆ ಯಂತ್ರವೂ ಕೇಳೀತು.